ಬೇಸಿಗೆ ಬಿಯರಿನ ಮೊದಲ ಗ್ಲಾಸು

ಅಂಗಡಿಯ ಹಿಂದಿನ ಕೋಣೆ,
ಮೇ ೧೨, ಸೋಮವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಆ ಬಿಯರ್ ಕಾರ್ಖಾನೆಯಲ್ಲಿ ದಿನವಿಡೀ ನಿಂತೇ ಇರಬೇಕು ಎಂದಿದ್ದೆಯಲ್ಲ, ಮೆತ್ತನೆಯ ಚಪ್ಪಲಿ ಹಾಕಿಕೋ. ಹೊತ್ತಿಗೆ ಸರಿಯಾಗಿ ಉಣ್ಣು. ಕುಶಲ ವಿಚಾರಿಸಿದ್ದಾಯಿತು. ಇನ್ನು ಬೈಯುವುದಿದೆ, ಕೂತು ಓದು.

ಹೋದ ವಾರ ಫೋನಿನಲ್ಲಿ "ಅಪ್ಪಂಗೆ ವಯಸ್ಸಾಯ್ತಲ್ಲಕ್ಕ, ಈ ವರ್ಷ ಬೇಸಿಗೆ ಬಿಯರ್ ಬಿಟ್ಬಿಡಿ" ಎಂದು ಎಷ್ಟು ಸಲೀಸಾಗಿ ಹೇಳಿದೆ ನೀನು. ಬಿಟ್ಟುಬಿಡುವಂಥ ಪದಾರ್ಥವೇ ಅದು? ಚಳಿಗಾಲದ ಕಪ್ಪು ಬಿಯರನ್ನು ಯಾರು ಬೇಕಾದರೂ ಮಾಡಿಯಾರು, ಆ ಸುಟ್ಟ ವಾಸನೆಯೊಳಗೆ ನೂರು ತಪ್ಪು ಮುಚ್ಚಿಹೋಗುತ್ತವೆ. ಬೇಸಿಗೆಯ ಈ ಗೋಧಿಯ ತಿಳಿ ಬಿಯರಿನಲ್ಲಿ ತಪ್ಪು ಬಚ್ಚಿಡಲು ಜಾಗವೇ ಇಲ್ಲ ಎಂದು ನಿನಗೆ ಕಲಿಸಿದವರು ಅಪ್ಪನೇ. ಬಿಸಿಲು ಏರುವ ಮೊದಲೇ ಜನ "ಬಂತಾ, ಬಂತಾ" ಎಂದು ಕೇಳಲು ಶುರು ಮಾಡುತ್ತಾರೆ. ಈಗ ಬೀದಿಯ ತುದಿಯಲ್ಲಿ ಹೊಸದೊಂದು ಬ್ರೂವರಿ ತೆರೆದಿದೆ, ಅಲ್ಲಿ ಕಲ್ಲಂಗಡಿ ಬಿಯರಂತೆ. ಕುಡಿದು ನೋಡಿದೆ, ಚಿಕ್ಕಂದಿನಲ್ಲಿ ಮೂಗು ಹಿಡಿದು ಕುಡಿಸುತ್ತಿದ್ದ ಕೆಮ್ಮಿನ ಔಷಧಿ ನೆನಪಾಯಿತು. ಅದಕ್ಕೂ ಜನ ಸಾಲು ನಿಲ್ಲುತ್ತಾರೆ. ನನ್ನ ಹೊಟ್ಟೆ ಉರಿಯದೆ ಇನ್ನೇನು ಮಾಡೀತು?

ಶನಿವಾರ ಈ ವರ್ಷದ ಮೊದಲ ಪೀಪಾಯಿ ತೆರೆದೆವು. ನಮ್ಮಲ್ಲಿನ ಪದ್ಧತಿ ನಿನಗೆ ಗೊತ್ತೇ ಇದೆ. ಮೊದಲ ಗ್ಲಾಸು ಅಪ್ಪನದು. ಬೆಳಕಿಗೆ ಹಿಡಿದು ನೋಡಿ, ಕಣ್ಣು ಮುಚ್ಚಿ ಮೂಸಿ, ಒಂದು ಗುಟುಕು ಕುಡಿದು "ಬಿಡಿ" ಎನ್ನುವವರೆಗೆ ಬೇರೆ ಯಾರೂ ನಲ್ಲಿ ಮುಟ್ಟುವಂತಿಲ್ಲ. ಅವತ್ತೂ ಎಲ್ಲ ಹಾಗೇ ನಡೆಯಿತು, ಅಪ್ಪ "ಬಿಡಿ" ಎಂದರು. ನಾನು ನಲ್ಲಿ ತಿರುಗಿಸಿ ಒಂದು ಗ್ಲಾಸು ತುಂಬಿಸುವಷ್ಟರಲ್ಲಿ ಮುಖಕ್ಕೆ ರಾಚಿತು ನೋಡು, ಒದ್ದೆ ಬಟ್ಟೆ ಮಡಚಿಟ್ಟು ಮರೆತಂಥ ಮುಗ್ಗಲು, ಅದರ ಹಿಂದೆಯೇ ಹುಳಿ. ಬಿಯರು ಕೆಟ್ಟಿತ್ತು. ತಟ್ಟನೆ ನಲ್ಲಿ ಮುಚ್ಚಿದೆ. ಅಪ್ಪ ಎಲ್ಲರೆದುರಿಗೆ ಗದರಿದರು. "ಯಾಕೆ ನಿಲ್ಲಿಸ್ದೆ? ನಾನು ಬಿಡಿ ಅಂದ್ಮೇಲೆ ಬಿಡ್ಬೇಕು." ಬಿಟ್ಟೆ. ಪ್ರತಿ ಬೇಸಿಗೆಯೂ ಎಲ್ಲರಿಗಿಂತ ಮುಂಚೆ ಬಂದು ನಿಲ್ಲುವ ಕ್ಷೌರಿಕ ಒಂದು ಗುಟುಕು ಕುಡಿದು, ಮೀಸೆ ಒರೆಸಿಕೊಂಡು, "ಈ ಸಲ ಏನೋ ಹೊಸ ರುಚಿ ಇದೆ" ಎಂದ. ಸಭ್ಯತೆಯಂತೆ. ಅಪ್ಪ ಅತ್ತ ತಿರುಗಿದ್ದೇ ತಡ, ಗ್ಲಾಸನ್ನು ಹೂವಿನ ಕುಂಡಕ್ಕೆ ಸುರಿದು ಕಲ್ಲಂಗಡಿಯವರ ಕಡೆ ನಡೆದ. ಉಳಿದವರೂ ಗ್ಲಾಸು ಅರ್ಧಕ್ಕೇ ಬಿಟ್ಟು, ತುಂಬ ಚೆನ್ನಾಗಿದೆ ಎನ್ನುತ್ತಾ ಒಬ್ಬೊಬ್ಬರೇ ಎದ್ದು ಹೋದರು. ಒಬ್ಬರಾದರೂ ಬಾಯಿಬಿಟ್ಟು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಆಮೇಲೆ ಅಪ್ಪನ ಸರದಿ. ಗ್ಲಾಸು ಸರಿಯಾಗಿ ತೊಳೆದಿಲ್ಲ, ನೀರು ಸರಿಯಿಲ್ಲ, ಜನರ ನಾಲಿಗೆ ಕೆಟ್ಟಿದೆ, ನನ್ನ ಮುಖ ನೋಡಿಯೇ ಗಿರಾಕಿಗಳು ಓಡುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನಗೂ ರೇಗಿತು. ನಿನ್ನೆ ಬೆಳಿಗ್ಗೆ ಮಹಡಿಯಿಂದ ಇಳಿಯುವಾಗಲೇ ಮೆಟ್ಟಿಲ ತನಕ ಹಾಲು ಸೀದ ವಾಸನೆ. ಓಡಿಹೋಗಿ ನೋಡಿದರೆ ಅಪ್ಪ ಒಲೆಗೆ ಬೆನ್ನು ಹಾಕಿ, ಮುಂದಿನ ಪೀಪಾಯಿಗೆಂದು ಕಿತ್ತಳೆ ಸಿಪ್ಪೆ ಬಿಡಿಸುತ್ತಾ ಕೂತಿದ್ದರು. ಅಷ್ಟು ಸೀದ ವಾಸನೆಯ ನಡುವೆ ಸಿಪ್ಪೆಯನ್ನು ಮೂಗಿಗೆ ಹಿಡಿದು "ಆಹಾ, ಏನು ಘಮ" ಎಂದರು ನನಗೆ. ನಾಟಕ ಕಣೋ. ಚಳಿಗಾಲದಲ್ಲಿ ಬಂದ ಜ್ವರ ಅವರ ಮೂಗನ್ನೂ ನಾಲಿಗೆಯ ರುಚಿಯನ್ನೂ ತೆಗೆದುಕೊಂಡು ಹೋಗಿದೆ, ಮನುಷ್ಯ ಇಷ್ಟು ತಿಂಗಳು ಯಾರಿಗೂ ಹೇಳದೆ ಮೂಸಿದ ಹಾಗೆ ಮಾಡುತ್ತಿದ್ದಾರೆ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಒಲೆ ಆರಿಸಿ, ಪಾತ್ರೆ ಉಜ್ಜುತ್ತಾ ನಿಂತೆ.

ಇದನ್ನೆಲ್ಲ ಫೋನಿನಲ್ಲಿ ಹೇಳೋಣವೆಂದರೆ ಪಕ್ಕದಲ್ಲೇ ಕೂತಿರುತ್ತಾರೆ. ಮೂಗು ಹೋದರೇನು, ಕಿವಿ ಚುರುಕಾಗಿದೆ. ಎದುರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಒಂದು ಸಲ ಹೇಳಿಬಿಟ್ಟರೆ ಅಪ್ಪ ಅವತ್ತೇ ಅಂಗಡಿಗೆ ಬೀಗ ಹಾಕಿ ಕಿಟಕಿಯ ಬಳಿ ಕೂತುಬಿಡುತ್ತಾರೆ, ಮತ್ತೆ ಏಳುವುದಿಲ್ಲ. ಹೇಳದಿದ್ದರೆ ತಿಂಗಳ ಕೊನೆಗೆ ಎರಡನೇ ಪೀಪಾಯಿಯೂ ಹೀಗೇ ಆಗಿ, ಜನ ಮತ್ತೆ ನಗುತ್ತಾ ಎದ್ದು ಹೋಗುತ್ತಾರೆ. ನನ್ನ ಮೂಗು ಕೆಟ್ಟದ್ದನ್ನು ಕೆಟ್ಟದ್ದು ಎನ್ನುತ್ತದೆ, ಅಷ್ಟೇ. ಕೆಡುವ ಮುಂಚೆಯೇ ಹೇಳುವ ಮೂಗು ಈ ಮನೆಯಲ್ಲಿ ಇದ್ದದ್ದು ಇಬ್ಬರಿಗೆ. ಒಬ್ಬರದು ಹೋಯಿತು. ಇನ್ನೊಬ್ಬರದು ಕಾರ್ಖಾನೆಯಲ್ಲಿ ಯಂತ್ರದ ಮುಂದೆ ನಿಂತು ಬಾಟಲಿಯ ಮುಚ್ಚಳ ನೋಡುತ್ತಿದೆ. ಅದಕ್ಕೆ ಸಂಬಳ ಬೇರೆ ಕೊಡುತ್ತಾರೆ. ವಯಸ್ಸಾಯ್ತು, ಬಿಟ್ಬಿಡಿ ಎನ್ನುವ ಬದಲು "ನಾನು ಬರ್ತೀನಿ" ಎಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಎರಡನೇ ಪೀಪಾಯಿ ತೆರೆಯುವ ಮುಂಚೆ ನೀನು ಇಲ್ಲಿರಬೇಕು. ರಜೆ ಹಾಕುತ್ತೀಯೋ, ಕೆಲಸ ಬಿಡುತ್ತೀಯೋ, ಅದು ನಿನಗೆ ಬಿಟ್ಟದ್ದು.

ನಿನ್ನ ಹಾಸಿಗೆಗೆ ಬಿಸಿಲು ತೋರಿಸಿಟ್ಟಿದ್ದೇನೆ. ದಾರಿಯಲ್ಲಿ ಹಾಳುಮೂಳು ತಿನ್ನಬೇಡ. ಸಾವಿರ ಬೈದರೂ ನನಗಿರುವ ತಮ್ಮ ನೀನೊಬ್ಬನೇ, ಚೆನ್ನಾಗಿರು.

ಇತಿ,
ನಿನ್ನ ಅಕ್ಕ

ವಿ.ಸೂ.: ಅಂಚೆಯವನು ಬಾಗಿಲಲ್ಲೇ ಕಾಯುತ್ತಿದ್ದಾನೆ, ಬೇಗ ಹೇಳುತ್ತೇನೆ. ನಿನ್ನ ಕೆಲಸ ಹೋಯಿತು ಎಂದು ಅಪ್ಪನಿಗೆ ಹೇಳಿಬಿಟ್ಟಿದ್ದೇನೆ. ಸಿಟ್ಟಾಗಬೇಡ, ಸುಮ್ಮಸುಮ್ಮನೆ ಬರುತ್ತಿದ್ದಾನೆ ಎಂದರೆ ಯಾಕೆ ಎಂದು ಕೇಳುತ್ತಿದ್ದರು. ಬಂದಾಗ ಮುಖ ಸ್ವಲ್ಪ ಸಪ್ಪಗಿಟ್ಟುಕೋ, ಬೈದರೆ ಬೈಸಿಕೋ. ಸುದ್ದಿ ಕೇಳಿ ಅಪ್ಪ ಪೀಪಾಯಿ ಒರೆಸುತ್ತಲೇ ಇದ್ದರು. ಆಮೇಲೆ ನನ್ನ ಕಡೆ ತಿರುಗದೆಯೇ ಅಂದರು, "ಕೆಲಸ ಹೋದ್ರೆ ಹೋಗ್ಲಿ. ಅವನ ಮೂಗು ಸರಿಯಾಗಿದೆಯಾ ಕೇಳು."