ವಲಿ ಪಾಷಾರ ಟೀವಿಯಲ್ಲಿ ಇಲ್ಲದ ಕಥೆ

ದೇವದುರ್ಗ
೯-೨-೧೯೮೮

ಶ್ರೀ ಸಿದ್ದರಾಮಪ್ಪನವರಿಗೆ ಮಾರೆಮ್ಮನ ನಮಸ್ಕಾರ.

ಹೆಸರು ಹಿಡಿದು ಬರೆದಿದ್ದಕ್ಕೆ ಸಿಟ್ಟಾಗಬೇಡಿ. ಗಂಡನ ಹೆಸರು ಹೇಳಬಾರದೆಂಬ ಪದ್ಧತಿ ಕೂಡಿ ಬಾಳುವವರಿಗೆ. ನೀವು ನನ್ನನ್ನು ಅಣ್ಣನ ಮನೆಯಲ್ಲಿ ಬಿಟ್ಟು ಹೋಗಿ ಈ ಯುಗಾದಿಗೆ ಎರಡು ವರ್ಷ.

ನಿನ್ನೆ ಅಣ್ಣ ಬೂದೆಪ್ಪ ರಾಯಚೂರಿನಿಂದ ನಿಮ್ಮ ಮಾಂತ್ರಿಕ ಕಾದಂಬರಿ ತಂದ. ಮೊದಲು ಮುನ್ನುಡಿ ಓದಿದೆ. ದೂರದರ್ಶನದಲ್ಲಿ ಬರುತ್ತಿದ್ದ ಆ ಆಕಾಶನೌಕೆಯ ಹಿಂದಿ ಧಾರಾವಾಹಿಯ ಏಳು ಗುರುತುಗಳನ್ನು ಕಾದಂಬರಿಯೊಳಗೆ ಬಚ್ಚಿಟ್ಟಿದ್ದೀರಂತೆ. ಓದುಗರು ಹುಡುಕಬೇಕಂತೆ. ಬರುವ ಭಾನುವಾರ ರಾಯಚೂರಿನ ಸಭೆಯಲ್ಲಿ ನೀವೇ ಒಂದೊಂದಾಗಿ ಬಿಡಿಸಿ ಹೇಳುತ್ತೀರಂತೆ. ಅಯ್ಯೋ ದೇವರೇ!

ಹೇಳಬೇಡಿ. ಆ ಏಳರಲ್ಲಿ ಒಂದೂ ಧಾರಾವಾಹಿಯಲ್ಲಿ ಇರಲಿಲ್ಲ.

ಮಾನ್ವಿಯಲ್ಲಿದ್ದಾಗ ಪ್ರತಿ ಭಾನುವಾರ ಪಕ್ಕದ ಓಣಿಯ ವಲಿ ಪಾಷಾರಲ್ಲಿಗೆ ಟೀವಿ ನೋಡಲು ಹೋಗುತ್ತಿದ್ದೆವಲ್ಲ. ನಿಮಗೆ ಹಿಂದಿ ಬಾರದು. ಮೊದಲ ದಿನವೇ ಅಷ್ಟು ಜನರ ಮುಂದೆ, "ನಮ್ಮಾಕಿ ರಾಯಚೂರಾಗ ಉರ್ದು ಮಾತಾಡೋರ ಓಣ್ಯಾಗ ಬೆಳದಾಳ, ಆಕಿಗೆ ಎಲ್ಲಾ ತಿಳೀತದ" ಎಂದು ಎದೆಯುಬ್ಬಿಸಿ ಹೇಳಿಬಿಟ್ಟಿರಿ. ನನಗೆ ಬರುತ್ತಿದ್ದುದು ಓಣಿಯ ದಖ್ಖನಿ. ಕಾಯಿಪಲ್ಲೆ ಚೌಕಾಸಿಗೆ ಸಾಕು. ಟೀವಿಯವರ ಪಂಡಿತರ ಹಿಂದಿ ನನಗೂ ಕಬ್ಬಿಣದ ಕಡಲೆಯೇ. ನಿಮ್ಮ ಮಾನ ಉಳಿಸಬೇಕಲ್ಲ, ಚಿತ್ರ ನೋಡಿ ಬಾಯಿಗೆ ಬಂದದ್ದನ್ನು ನಿಮ್ಮ ಕಿವಿಯಲ್ಲಿ ಹೇಳುತ್ತಾ ಹೋದೆ.

ತಗಡಿನ ಮನುಷ್ಯ ತಲೆ ತಗ್ಗಿಸಿ ನಿಂತಿದ್ದ. ಪಾಪ, ಅವನಿಗೆ ಅತ್ತೆಯ ಭಯ ಎಂದೆ. ಈಗ ನಿಮ್ಮ ಕಬ್ಬಿಣದ ರಾಕ್ಷಸ ಅತ್ತೆಗೆ ಹೆದರಿ ಬಾವಿಯಲ್ಲಿ ಅಡಗುತ್ತಾನೆ. ಬಿಳಿ ಕೋಟಿನ ಹೆಂಗಸು ಗಾಜಿನ ಬುರುಡೆ ಎತ್ತಿ ಹಿಡಿದಳು. ಅವಳು ನಕ್ಷತ್ರದ ಉಪ್ಪಿನಕಾಯಿ ಹಾಕುತ್ತಾಳೆ ಎಂದೆ. ನಿಮ್ಮ ಮಾಟಗಾತಿ ಎರಡನೇ ಅಧ್ಯಾಯದಲ್ಲೇ ನಕ್ಷತ್ರಕ್ಕೆ ಉಪ್ಪು ಖಾರ ಹಚ್ಚಿ ಭರಣಿಗೆ ತುಂಬುತ್ತಾಳೆ! ಓದುತ್ತಾ ಓದುತ್ತಾ ಹಂಚಿನ ಮೇಲಿನ ರೊಟ್ಟಿ ಕರಕಾಯಿತು.

ವಲಿ ಪಾಷಾ ಒಮ್ಮೆ ಕೇಳಿಸಿಕೊಂಡು, "ಅವ್ರ ಕಥಿಗಿಂತ ನಿಂದೇ ಚಲೋ ಅದ ಬೇಟಿ, ನಾ ಬಾಯಿ ಬಿಡಂಗಿಲ್ಲ" ಎಂದು ನಕ್ಕಿದ್ದರು. ಅವರು ಬಾಯಿ ಬಿಡಲಿಲ್ಲ. ಆದರೆ ರಾಯಚೂರಿನಲ್ಲಿ ಹಿಂದಿ ತಿಳಿದು ಅದನ್ನು ನೋಡಿದವರು ಎಷ್ಟು ಮಂದಿ ಇಲ್ಲ! ಭಾನುವಾರ ನೀವು ಬಾಯಿ ತೆರೆದರೆ ಸಭೆಗೆ ಸಭೆಯೇ ನಗುತ್ತದೆ.

ಬಿಟ್ಟು ಹೋದ ದಿನ ಅಣ್ಣನ ಮುಂದೆ ನೀವು, "ಕಥಿ ಅಂದ್ರ ಏನಂತ ತಿಳೀಲಾರದಾಕಿ ಜೋಡಿ ಹೆಂಗ ಬಾಳೇ ಮಾಡ್ಲಿ" ಎಂದಿರಿ. ಆ ಮಾತು ಇನ್ನೂ ಚುಚ್ಚುತ್ತದೆ. ಈಗ ನೋಡಿದರೆ ನಿಮ್ಮ ಇನ್ನೂರು ಪುಟದ ತುಂಬ ನಾನೇ ಇದ್ದೇನೆ. ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ.

ನಿಮ್ಮನ್ನು ನಗೆಪಾಟಲು ಮಾಡುವ ಆಸೆ ನನಗಿಲ್ಲ. ಅದಕ್ಕೇ ಟಪಾಲನ್ನು ನಂಬದೆ ಅಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ಸಭೆಯಲ್ಲಿ ನಿಜ ಹೇಳಿ. ಇವು ಟೀವಿಯವಲ್ಲ, ಮನೆಯಾಕೆ ಹೇಳಿದವು ಅನ್ನಿ.

ಇಂತಿ,
ಇನ್ನೂ ನೀವು ಕಟ್ಟಿದ ತಾಳಿ ತೆಗೆಯದ
ಮಾರೆಮ್ಮ

ತಾ.ಕ.: ಹುಟ್ಟದ ಕೂಸನ್ನು ನಕ್ಷತ್ರಕ್ಕೆ ಕಳಿಸಿ, ಗೋಪುರದ ಕಿಟಕಿಯಲ್ಲಿ ಜೋಗುಳ ಹಾಡುವ ರಾಣಿಯ ಅಧ್ಯಾಯವನ್ನು ಮಾತ್ರ ಸಭೆಯಲ್ಲಿ ಓದಬೇಡಿ. ಟೀವಿಯಲ್ಲಿ ಅಂದು ಒಬ್ಬ ಹೆಂಗಸು ಸುಮ್ಮನೆ ಕಿಟಕಿಯ ಬಳಿ ನಿಂತಿದ್ದಳು, ಅಷ್ಟೇ. ಅದರ ಹಿಂದಿನ ವಾರ ನೀವು ಕಚೇರಿ ಕೆಲಸಕ್ಕೆ ರಾಯಚೂರಿಗೆ ಹೋಗಿದ್ದಿರಿ. ಮೂರು ತಿಂಗಳು ತುಂಬಲಿ, ಆಮೇಲೆ ನಿಮಗೆ ಹೇಳೋಣ ಎಂದುಕೊಂಡಿದ್ದೆ. ತುಂಬಲಿಲ್ಲ. ನೀವು ಬಂದ ಮೇಲೆ ಹೇಳಲು ಬಾಯಿ ಬರಲಿಲ್ಲ, ಆ ಹೆಂಗಸಿನ ಹೆಸರಿನಲ್ಲಿ ಹೇಳಿದೆ. ಮನೆಗೆ ಬರುವಾಗ ದಾರಿಯುದ್ದಕ್ಕೂ ನೀವು ಅವಳಿಗಾಗಿ ಅತ್ತಿರಿ. ನೀವು ಅತ್ತದ್ದು ನಮ್ಮ ಕೂಸಿಗೆ ರೀ.