ಬರೀ ಗ್ಯಾಸು

ಅಪ್ಪಾ,

ನಿನ್ನ ಕ್ಷೇಮ ವಿಚಾರಿಸುವುದಿಲ್ಲ. ಸತ್ತವರಿಗೆ ಅದರ ಗೊಡವೆಯಿಲ್ಲ, ಬದುಕಿದ್ದಾಗ ನೀನೂ ನಮ್ಮದನ್ನು ವಿಚಾರಿಸಲಿಲ್ಲ. ಬೇರೆಯವರ ಅಪ್ಪಂದಿರು ಆಸ್ತಿ ಬಿಟ್ಟುಹೋಗುತ್ತಾರೆ, ನೀನು ಆಸಿಡಿಟಿ ಬಿಟ್ಟುಹೋದೆ.

ನಾನು ಕುಡಿತ ಬಿಟ್ಟೆ. ಹೊಟ್ಟೆ ಮಾತ್ರ ನನ್ನನ್ನು ಬಿಟ್ಟಿಲ್ಲ. ಉರಿ, ಉಬ್ಬರ, ಊಟ ಮುಗಿಯುವ ಮೊದಲೇ ತೇಗು. ಪ್ರತಿ ತೇಗಿಗೂ ನಿನ್ನ ಕೊನೆಗಾಲದ ಮುಖ ಕಣ್ಣೆದುರು ಬರುತ್ತದೆ. "ತೇಗು ಬಂದ್ರೆ ತೇಗಿ, ಉಯಿಲು ಬರೀಬೇಡಿ" ಎಂದು ಹೆಂಡತಿ ಇವತ್ತು ನನ್ನನ್ನು ಡಾಕ್ಟರ ಹತ್ತಿರ ದಬ್ಬಿದಳು.

ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿದರು.

"ಕುಡಿಯೋದು ಬಿಟ್ಮೇಲೆ ಟೀ ಜಾಸ್ತಿ ಆಗಿದ್ಯಾ?"

"ಬಾಟಲಿ ಇದ್ದ ಜಾಗದಲ್ಲಿ ಈಗ ಫ್ಲಾಸ್ಕ್ ಇದೆ, ಮೇಡಂ."

"ಮನೇಲಿ ಯಾರಿಗಾದ್ರೂ ಹೊಟ್ಟೆ ಕಾಯಿಲೆ ಇತ್ತಾ? ಅಪ್ಪ, ಅಮ್ಮ?"

"ಯಾರಿಗೂ ಇರ್ಲಿಲ್ಲ."

ನಿನ್ನನ್ನು ಆ ಕೋಣೆಯೊಳಕ್ಕೂ ಕರೆತರಲು ನನಗೆ ಮನಸ್ಸಿರಲಿಲ್ಲ.

"ಹಾಗಾದ್ರೆ ಬರೀ ಗ್ಯಾಸು" ಎಂದು ಅವರು ನಕ್ಕರು.

ಅದು ನಿನ್ನ ಮಾತು. ರಕ್ತ ಕಾರಿಕೊಂಡ ದಿನವೂ ಬೇಸಿನ್ ತೊಳೆಯುತ್ತಾ "ಬರೀ ಗ್ಯಾಸು ಕಣೋ" ಎಂದಿದ್ದೆ, ನಾನೂ ನಂಬಿ ಆಚೆ ಹೋಗಿದ್ದೆ. ಹೊಟ್ಟೆಯ ಕ್ಯಾನ್ಸರಿಗೆ ಅಂಥ ಮುದ್ದಾದ ಹೆಸರಿಡುವುದು ನಿನ್ನೊಬ್ಬನಿಗೇ ಸಾಧ್ಯ.

ಮಾತ್ರೆ ಮೇಜಿನ ಮೇಲಿದೆ, ನುಂಗಿಲ್ಲ. ನಿನ್ನನ್ನು ಮುಚ್ಚಿಟ್ಟು ಹೇಳಿದ ಕಾಯಿಲೆಗೆ ಕೊಟ್ಟ ಮದ್ದನ್ನು ನಂಬುವುದು ಹೇಗೆ? ನಾಳೆ ಮತ್ತೆ ಹೋಗಿ "ನಮ್ಮಪ್ಪನಿಗೆ ಇತ್ತು" ಎನ್ನಬೇಕು. ಕನ್ನಡಿಯ ಮುಂದೆ ಹೇಳಿ ನೋಡಿದೆ. "ನಮ್ಮಪ್ಪ" ಎನ್ನುವಷ್ಟರಲ್ಲಿ ಗಂಟಲಿಗೆ ಏನೋ ಬಂದು ನಿಲ್ಲುತ್ತದೆ.

ಬರೀ ಗ್ಯಾಸು.