ಸಿಹಿಯಾಗಿದ್ದ ಮದ್ದು

ಸೆಂಡಾಯ್, ಜಪಾನ್, ಭಾನುವಾರ

ಅತ್ತೆಯವರಿಗೆ ನಿರುಪಮಾಳ ನಮಸ್ಕಾರ.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ವಾಟ್ಸಾಪಿನಲ್ಲಿ ಬರೆಯುತ್ತಿದ್ದೇನೆ. ನಾನು ಕೆಲಸದ ಮೇಲೆ ಹೋಗಿದ್ದಾಗ ದಕ್ಷಿಣ ಆಫ್ರಿಕಾದ ನಾಟಿವೈದ್ಯೆ ಅಜ್ಜಿ ನಿಮ್ಮ ಸೊಂಟನೋವಿಗೆಂದೇ ಕೊಟ್ಟಿದ್ದ, ಬಂಡೆಸಂದಿಯಲ್ಲಿ ಬದುಕುವ ಮೊಲದಂಥ ಪ್ರಾಣಿಗಳ ಕಲ್ಲಾದ ಹಿಕ್ಕೆಯನ್ನು ನಾನು ಲ್ಯಾಬಿನ ಪರೀಕ್ಷೆಗೆ ಪೂರ್ತಿ ಅರೆದುಬಿಟ್ಟೆ. ಅದೇ ಮದ್ದೆಂದು ನಿಮಗೆ ಕಳಿಸಿದ್ದು ಇಲ್ಲಿಯ ಕೊಂಬಿನಿ ಎನ್ನುವ ದಿನಸಿ ಅಂಗಡಿಯ ಕಪ್ಪು ಬೆಲ್ಲ. "ನಿರೂ, ಹಿಕ್ಕೆ ಇಷ್ಟು ಸಿಹಿ ಇರುತ್ತೇನೇ? ಸೊಂಟ ಹಗುರಾಯ್ತು ನೋಡು" ಎಂದು ನೀವು ನಕ್ಕಾಗಲೂ ಮಾತು ಬದಲಿಸಿದೆ.

ಈಗ ಅದನ್ನೇ ಪಕ್ಕದ ಮನೆಯ ದೀಕ್ಷಾಳ ಮೂರ್ಛೆರೋಗಕ್ಕೂ ಕೊಡುತ್ತೇನೆ ಎನ್ನುತ್ತಿದ್ದೀರಿ. ದಯವಿಟ್ಟು ಬೇಡ. ಆ ಮಗುವಿನ ಮಾತ್ರೆ ಒಂದು ಹೊತ್ತೂ ತಪ್ಪಬಾರದು. ಅವಳ ತಾಯಿಗೆ ನನ್ನ ಸುಳ್ಳನ್ನು ಇವತ್ತೇ ಹೇಳಿಬಿಡಿ.

ಆ ವೈದ್ಯೆ ಅಜ್ಜಿ ತಮ್ಮ ಮೊಮ್ಮಗಳಿಂದ ಮೆಸೇಜ್ ಮಾಡಿಸಿದ್ದಾರೆ, ನಿಮಗೆ ವಾಸಿಯಾಯಿತೇ ಎಂದು. ಆಯಿತು ಎಂದು ಬರೆಯಲು ಕೈ ಬರುತ್ತಿಲ್ಲ.

ನಿಮ್ಮ ಸೊಸೆ,
ನಿರುಪಮಾ